ದಂಡಕ್ಕೆ ಅಂಜುವ ಮರ್ಯಾದೆ

ಹೋದ ವೈಶಾಖದಲ್ಲಿ ರಾಮನಗರದ ಹಳೇ ಮೈಸೂರು ರಸ್ತೆಯ ಮಗ್ಗುಲಿನ ಕಲ್ಯಾಣ ಮಂಟಪವೊಂದರಲ್ಲಿ ನಮ್ಮ ಮನೆತನದ ಮದುವೆ ನಡೆಯಿತು. ಧಾರೆ ಮೇಲಿನ ಹಾಲ್‌ನಲ್ಲಿ, ಊಟ ನೆಲಮಾಳಿಗೆಯಲ್ಲಿ. ನನ್ನ ಚಿಕ್ಕಪ್ಪನ ಮಗ ಗಾಲಿಕುರ್ಚಿಯಲ್ಲಿ ಬಂದಿದ್ದ. ಇಪ್ಪತ್ತೆರಡನೆಯ ವಯಸ್ಸಿಗೆ ತೆಂಗಿನಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವನು. ಅಂದಿನಿಂದ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಊಟಕ್ಕೆ ಕರೆದರು. ಮೆಟ್ಟಿಲ ತುದಿಗೆ ಬಂದು ಅವನ ಕುರ್ಚಿ ನಿಂತಿತು. ನಾಲ್ವರು ಹುಡುಗರು ಓಡಿ ಬಂದರು. ಅವನನ್ನು ಒಂದು ಮಾತು ಕೇಳಲಿಲ್ಲ. ಕಂಕುಳಿಗೆ ಇಬ್ಬರು, ಕಾಲಿಗೆ ಇಬ್ಬರು ಕೈಹಾಕಿ ಎತ್ತಿಕೊಂಡು ಇಳಿದೇಬಿಟ್ಟರು. ಪಂಚೆ ಸರಿಯಿತು, ಮೂತ್ರದ ಚೀಲ ಹೊರಗೆ ಕಂಡಿತು. ಕೈ ತೊಳೆಯಲು ನಿಂತವರೆಲ್ಲ ತಿರುಗಿ ನೋಡಿ "ಅಯ್ಯೋ ಪಾಪ" ಎಂದರು. ಎಲೆಯ ಮುಂದೆ ಕೂತ ಮೇಲೆ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಇವ್ನು ಎಲ್ಲಾ ತಿಂತಾನೇನವ್ವ?" ಅವನು ನನ್ನ ಪಕ್ಕದಲ್ಲೇ ಇದ್ದ. ಅವನ ಕಿವಿಗೂ ನಾಲಿಗೆಗೂ ಏನೂ ಆಗಿರಲಿಲ್ಲ. ಅವನು ಅನ್ನ ಮುಟ್ಟಲಿಲ್ಲ. ಆಮೇಲೆ ಯಾವ ಮದುವೆಗೂ ಬಂದಿಲ್ಲ.

ಆ ಮಂಟಪದಲ್ಲಿ ಲಿಫ್ಟ್ ಇತ್ತು. ಮ್ಯಾನೇಜರನ್ನು ಕೇಳಿದೆ. ಅದು ಅಡುಗೆಯವರ ಪಾತ್ರೆ, ಅಕ್ಕಿಮೂಟೆ, ನೀರಿನ ಕ್ಯಾನು ಇಳಿಸಲಿಕ್ಕೆ, ಜನ ಹತ್ತುವ ಹಾಗಿಲ್ಲ ಎಂದ. ಮುಂಬಾಗಿಲಿಗೆ ಇಳಿಜಾರು ಕೂಡ ಇತ್ತು. ಅದಕ್ಕೆ ಅಡ್ಡಲಾಗಿ ಒಂದು ದೊಡ್ಡ ಕಾರು ನಿಂತಿತ್ತು. ಅದು ನಮ್ಮ ದೊಡ್ಡಪ್ಪನ ಮಗ ಬಾಡಿಗೆಗೆ ತಂದ ಕಾರು. ಅವನು ಹದಿನಾರು ವರ್ಷದಿಂದ ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ. "ತೆಗಿಯಪ್ಪ ಅದನ್ನ" ಎಂದೆ. "ಐದೇ ನಿಮಿಷ ಕಣಕ್ಕ. ಇಲ್ಲೆಲ್ಲ ಇದು ನಡೀತದೆ ಬಿಡು" ಎಂದ. ಇವನ ಮನೆಯಲ್ಲೇ ನಾನು ಒಂದು ಬೇಸಿಗೆ ಉಳಿದಿದ್ದೆ. ಅಂಗಡಿಯ ಬಾಗಿಲಿನೆದುರು ನೀಲಿ ಗುರುತಿನ ನಾಲ್ಕು ಜಾಗ ಖಾಲಿ ಇದ್ದರೂ ಕಾರನ್ನು ಮೈದಾನದ ಆ ತುದಿಗೆ ನಿಲ್ಲಿಸಿ, ಸುಡುವ ಬಿಸಿಲಲ್ಲಿ ನನ್ನನ್ನು ನಡೆಸಿಕೊಂಡು ಬಂದವನು ಇವನೇ. "ಅದು ಅಂಗವಿಕಲರ ಜಾಗ ಅಕ್ಕ, ನಾವು ನಿಲ್ಲಿಸಬಾರದು" ಎಂದು ನನಗೆ ಪಾಠ ಹೇಳಿದವನೂ ಇವನೇ. ಅಂದು ನಾನು ಅವನನ್ನು ಮನಸಾರೆ ಮೆಚ್ಚಿಕೊಂಡಿದ್ದೆ.

ಆ ಮೆಚ್ಚುಗೆಯನ್ನು ಈಗ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಡಲ್ಲಾಸ್‌ನ ಅಂಗಡಿಯ ಮುಂದೆ ಅವನು ಮರ್ಯಾದೆ ಕೊಟ್ಟದ್ದು ಗಾಲಿಕುರ್ಚಿಯಲ್ಲಿ ಬರುವ ಮನುಷ್ಯನಿಗೆ ಆಗಿದ್ದರೆ, ಸ್ವಂತ ಮನೆತನದ ತಮ್ಮನ ದಾರಿಗೆ ಕಾರು ಅಡ್ಡ ನಿಲ್ಲಿಸುತ್ತಿರಲಿಲ್ಲ. ಅವನು ಮರ್ಯಾದೆ ಕೊಟ್ಟದ್ದು ನೂರಾರು ಡಾಲರ್ ದಂಡಕ್ಕೆ. ದಂಡ ಹಾಕುವವನಿಲ್ಲದ ಊರಿಗೆ ಬಂದ ಕೂಡಲೇ ಮರ್ಯಾದೆ ಕರಗಿತು.

ಇದು ಅವನೊಬ್ಬನ ಮೇಲಿನ ದೂರಾಗಿದ್ದರೆ ಮನೆಯೊಳಗೇ ಮುಗಿಸುತ್ತಿದ್ದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಂದ ಹೊರಟು ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾ ಸೇರಿದ ನಮ್ಮವರು ಡಿಸೆಂಬರ್ ರಜೆಗೋ ಮದುವೆಗೋ ಊರಿಗೆ ಬರುತ್ತಾರೆ. ಬಂದ ಮೊದಲ ದಿನ ರಸ್ತೆಯ ಗುಂಡಿ ಬೈಯುತ್ತಾರೆ, ಕಸ ಬೈಯುತ್ತಾರೆ, ಹಾರ್ನ್ ಬೈಯುತ್ತಾರೆ. ಬಸ್ ನಿಲ್ದಾಣದ ಮೆಟ್ಟಿಲಿನ ಮೇಲೆ ಕೈಯೂರಿ ತೆವಳುತ್ತಿರುವ ಮನುಷ್ಯನನ್ನು ಕಂಡು ಒಬ್ಬರೂ ಬೈದದ್ದನ್ನು ನಾನು ಕೇಳಿಲ್ಲ. ಅಲ್ಲಿ ಬಸ್ಸು ತಾನಾಗಿ ಬಾಗಿ ಇಳಿಜಾರು ಚಾಚುವುದನ್ನು ದಿನಾ ನೋಡಿದವರು, ಇಲ್ಲಿ ಐದು ರೂಪಾಯಿ ನಾಣ್ಯ ಕೊಟ್ಟು ಮುಂದೆ ಹೋಗುತ್ತಾರೆ. ಇಷ್ಟು ಸುಲಭವಾಗಿ ಕಣ್ಣು ಬದಲಾಗುವುದನ್ನು ನಾನು ಕ್ಷಮಿಸಲಾರೆ.

"ಅಲ್ಲಿನ ಜನರ ಸಂಸ್ಕಾರವೇ ಬೇರೆ" ಎನ್ನುವ ಮಾತು ನಮ್ಮ ಎರಡೂ ಕಡೆಯವರ ಬಾಯಲ್ಲಿ ಸಲೀಸಾಗಿ ಬರುತ್ತದೆ. ಅಲ್ಲಿರುವವರಿಗೆ ಅದು ಹೆಮ್ಮೆ, ಇಲ್ಲಿರುವವರಿಗೆ ನೆವ. ಎರಡೂ ಸುಳ್ಳು. ಅಮೆರಿಕದ ಜನ ಹುಟ್ಟಾ ಕರುಣಾಳುಗಳೇನೂ ಆಗಿರಲಿಲ್ಲ. ದೇಹ ಊನವಾದವರು ಬೀದಿಯಲ್ಲಿ ಜನರ ಕಣ್ಣಿಗೆ ಬೀಳುವುದೇ ಅಪರಾಧ ಎನ್ನುವ ನಗರ ಕಾನೂನು ಶಿಕಾಗೊದಲ್ಲಿ 1974ರವರೆಗೂ ಪುಸ್ತಕದಲ್ಲಿತ್ತು. ಪೋಲಿಯೊ ಆಗಿದ್ದ ಜೂಡಿ ಹ್ಯೂಮನ್ ಎಂಬ ನ್ಯೂಯಾರ್ಕಿನ ಹುಡುಗಿಯನ್ನು, ಬೆಂಕಿ ಬಿದ್ದರೆ ಗಾಲಿಕುರ್ಚಿ ಅಪಾಯ ಎಂಬ ಕಾರಣ ಕೊಟ್ಟು ಶಾಲೆಗೆ ಸೇರಿಸಿಕೊಳ್ಳಲಿಲ್ಲ. ಅದೇ ಹುಡುಗಿ ಬೆಳೆದು 1977ರಲ್ಲಿ ನೂರಕ್ಕೂ ಹೆಚ್ಚು ಜನರೊಂದಿಗೆ ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡಕ್ಕೆ ನುಗ್ಗಿ ಸುಮಾರು ನಾಲ್ಕು ವಾರ ಅಲ್ಲೇ ಕುಳಿತಳು. ಮೊದಮೊದಲು ಔಷಧಿ ಇರಲಿಲ್ಲ, ಮಲಗಲು ಹಾಸಿಗೆ ಇರಲಿಲ್ಲ. ತಮ್ಮ ಹಕ್ಕಿನ ನಿಯಮಗಳಿಗೆ ಮಂತ್ರಿ ಸಹಿ ಹಾಕುವ ತನಕ ಎದ್ದು ಹೋಗಲಿಲ್ಲ. 1990ರ ಮಾರ್ಚ್ 12ರಂದು ಹತ್ತಾರು ಜನ ವಾಷಿಂಗ್ಟನ್ನಿನ ಸಂಸತ್ ಭವನದ ಮುಂದೆ ಗಾಲಿಕುರ್ಚಿ ಬಿಟ್ಟಿಳಿದು, ಆ ಕಲ್ಲಿನ ಮೆಟ್ಟಿಲುಗಳನ್ನು ಕೈಯೂರಿ ಹತ್ತಿದರು. ಅವರಲ್ಲಿ ಎಂಟು ವರ್ಷದ ಹುಡುಗಿಯೂ ಇದ್ದಳು. ಅದೇ ವರ್ಷ ಜುಲೈ 26ಕ್ಕೆ ವಿಕಲಚೇತನರ ಹಕ್ಕಿನ ಕಾಯ್ದೆ ಬಂತು. ನಮ್ಮ ಡಲ್ಲಾಸ್‌ನ ತಮ್ಮ ಕಾರು ನಿಲ್ಲಿಸದೆ ಬಿಟ್ಟ ಆ ನೀಲಿ ಗುರುತಿನ ಜಾಗ ಇಂಥವರ ಅಂಗೈ ಸವೆದು ಬಂದದ್ದು. ಮೂವತ್ತೈದು ವರ್ಷದ ಹಿಂದೆ ಅವರೂ ನಮ್ಮ ಹಾಗೆಯೇ ಇದ್ದರು ಎನ್ನುವುದನ್ನು ತಿಳಿದ ಮೇಲೆ ಸಂಸ್ಕಾರದ ಮಾತನ್ನು ನಾವು ಬಿಡಬೇಕು.

ನಮಗೆ ಕಾಯ್ದೆ ಇಲ್ಲವೆ? 1995ರಲ್ಲೇ ಬಂತು. 2016ರ ಕಾಯ್ದೆ ಅದಕ್ಕಿಂತ ಗಟ್ಟಿಯಾದದ್ದು. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಮೊದಲು ಏಳು ಬಗೆಯ ನ್ಯೂನತೆಗಳಷ್ಟೇ ಪಟ್ಟಿಯಲ್ಲಿದ್ದವು, ಈಗ ಇಪ್ಪತ್ತೊಂದು. ಸರ್ಕಾರಿ ಕಚೇರಿ ಮಾತ್ರ ಸಾರ್ವಜನಿಕ ಕಟ್ಟಡ ಎಂದು ನಮ್ಮ ಮಂಟಪಗಳ ಮಾಲೀಕರು ತಿಳಿದಿದ್ದಾರೆ. ತಪ್ಪು. ಜನ ಬಂದು ಹೋಗುವ ಖಾಸಗಿ ಕಟ್ಟಡವನ್ನೂ, ವ್ಯಾಪಾರ, ಧರ್ಮ, ಸಂಸ್ಕೃತಿ, ಮನರಂಜನೆಗೆ ಬಳಸುವ ಕಟ್ಟಡವನ್ನೂ ಆ ಕಾಯ್ದೆ ಸಾರ್ವಜನಿಕ ಎಂದೇ ಎಣಿಸುತ್ತದೆ. ನಿಯಮದಂತೆ ಕಟ್ಟದಿದ್ದರೆ ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಕೊಡಕೂಡದು ಎನ್ನುತ್ತದೆ. ಹಳೆಯ ಕಟ್ಟಡಗಳನ್ನು ಸರಿಪಡಿಸಲು ನಿಯಮ ಬಂದ ದಿನದಿಂದ ಐದು ವರ್ಷ ಗಡುವು ಕೊಟ್ಟಿತ್ತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ, ಗಡುವು ಮುಗಿದದ್ದು 2022ರ ಜೂನ್‌ಗೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಮ್ಮೆ ಹೇಳಿತು: ಇದು ಮಾಡಿದರೂ ಆದೀತು ಬಿಟ್ಟರೂ ಆದೀತು ಎನ್ನುವ ಸಲಹೆಯಲ್ಲ, ಕಡ್ಡಾಯ. ಕಾಯ್ದೆಯ 92ನೇ ಕಲಮು ಇನ್ನೂ ಮುಂದೆ ಹೋಗುತ್ತದೆ. ನಾಲ್ಕು ಜನರ ಕಣ್ಣೆದುರು ಅವಮಾನಿಸಬೇಕೆಂದೇ ವಿಕಲಚೇತನರನ್ನು ಹೀಗಳೆದರೆ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸ. ಅರಳಿಕಟ್ಟೆಯ ಮೇಲೆ ಕೂತು "ಲೇ ಕುಂಟ", "ಲೇ ಮೂಗ" ಎಂದು ಕೂಗಿ ನಗುವವರು ಇದನ್ನು ಒಮ್ಮೆ ಓದಿಸಿಕೊಂಡು ಕೇಳಲಿ.

ಹೆಸರಿನ ಮಾತು ಬಂತು. ಅಂಗವಿಕಲ ಎನ್ನುತ್ತಿದ್ದುದನ್ನು ವಿಕಲಚೇತನ ಎಂದೆವು, ವಿಶೇಷಚೇತನ ಎಂದೆವು, ದೆಹಲಿಯಿಂದ ದಿವ್ಯಾಂಗ ಬಂತು. ನಮ್ಮ ಜಿಲ್ಲೆಯೂ ಹೀಗೆಯೇ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬಿಡಿಸಿ ರಾಮನಗರ ಎಂದರು, 2025ರಲ್ಲಿ ಬೆಂಗಳೂರು ದಕ್ಷಿಣ ಎಂದರು. ಕಚೇರಿಯ ಫಲಕ ಬದಲಾಯಿತು. ಬಾಗಿಲಿಗೆ ಹತ್ತುವ ಮೆಟ್ಟಿಲು ಇದ್ದಲ್ಲೇ ಇದೆ. ಕೆಂಗಲ್ ಹನುಮಂತಯ್ಯನವರ ನೆಲ ಇದು. ರಾಮಕೃಷ್ಣ ಹೆಗಡೆಯವರನ್ನು ಕನಕಪುರ ಆರಿಸಿ ಕಳಿಸಿತು, ದೇವೇಗೌಡರನ್ನು ರಾಮನಗರ ಕಳಿಸಿತು. ವಿಧಾನಸೌಧದ ತನಕ ಇಷ್ಟು ಸಲ ಮೆಟ್ಟಿಲು ಹತ್ತಿದ ಜಿಲ್ಲೆಗೆ ನಮ್ಮದು ಹಿಂದುಳಿದ ಮೂಲೆ, ನಮ್ಮ ಮಾತು ಯಾರು ಕೇಳುತ್ತಾರೆ ಎಂದು ಗೊಣಗುವ ಹಕ್ಕಿಲ್ಲ. ಬೇಕೆಂದರೆ ನಮ್ಮ ಕೈಯಲ್ಲಿ ಆಗುತ್ತದೆ ಎನ್ನುವುದಕ್ಕೂ ಸಾಕ್ಷಿ ಇದೆ. 2024ರ ನವೆಂಬರ್ 13ರಂದು ಚನ್ನಪಟ್ಟಣದ ಉಪಚುನಾವಣೆ ನಡೆಯಿತು. ಮತಗಟ್ಟೆಯಾದ ಶಾಲೆಗೆ ಇಳಿಜಾರು ಬೇಕು, ಗಾಲಿಕುರ್ಚಿ ಬೇಕು ಎಂದು ಚುನಾವಣಾ ಆಯೋಗದ ಕಟ್ಟಪ್ಪಣೆ. ಅದೇ ವರ್ಷದ ಲೋಕಸಭಾ ಚುನಾವಣೆಯಲ್ಲಿ ಶೇಕಡ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇದ್ದವರ ಮನೆಗೇ ಮತಪೆಟ್ಟಿಗೆ ಹೊತ್ತು ಹೋಗುವ ವ್ಯವಸ್ಥೆಯಾಗಿತ್ತು. ವೋಟಿಗೆ ಮನೆಬಾಗಿಲಿನ ತನಕ ಬರಬಲ್ಲ ಸರ್ಕಾರ, ಮಾಸಾಶನದ ಸಹಿಗೆ ಅದೇ ಮನುಷ್ಯನನ್ನು ಮಹಡಿ ಹತ್ತಿ ಬಾ ಎನ್ನುವುದನ್ನು ನಾವು ಸುಮ್ಮನೆ ನೋಡುತ್ತೇವೆ.

ಸರ್ಕಾರವನ್ನು ಬೈದು ಕೈ ತೊಳೆದುಕೊಳ್ಳಲು ನಾನು ಬಿಡುವುದಿಲ್ಲ. ಮನೆಯೊಳಕ್ಕೆ ಬರೋಣ.

ನಮ್ಮ ಹಳ್ಳಿಗಳಲ್ಲಿ ರೇಷ್ಮೆ ಹುಳು ಸಾಕದ ಬೀದಿ ಕಡಿಮೆ. ಹುಳುವಿಗೆ ನಾವು ಏನೇನು ಮಾಡುತ್ತೇವೆ ಎಂಬುದನ್ನು ನೆನೆಯಿರಿ. ಅದಕ್ಕೆ ಬೇರೆಯದೇ ಹುಳುಮನೆ ಕಟ್ಟುತ್ತೇವೆ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27–28 ಡಿಗ್ರಿ ಶಾಖ ಇರಬೇಕೆಂದು ಚಳಿಗಾಲದಲ್ಲಿ ಕೆಂಡ ಇಡುತ್ತೇವೆ, ಬಿಸಿಲಿಗೆ ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟುತ್ತೇವೆ. ಹೊರಗಿನವರು ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಬರಬೇಕು. ಹುಳು ಪೊರೆ ಕಳಚಲು ಜ್ವರಕ್ಕೆ ಕೂತಿತೆಂದರೆ ಸೊಪ್ಪು ನಿಲ್ಲಿಸಿ ಕಾಯುತ್ತೇವೆ, ಎದ್ದಿತೆಂದರೆ ನಡುರಾತ್ರಿಯಾದರೂ ಸೊಪ್ಪು ಹಾಕುತ್ತೇವೆ. ಒಂದೊಂದು ಸಲ ಎಲ್ಲವೂ ಒಟ್ಟಿಗೆ ಏಳುವುದಿಲ್ಲ. ಹಿಂದೆ ಬಿದ್ದವನ್ನು ಬೇರೆ ಮಾಡಿ ಅವುಗಳ ಹೊತ್ತಿಗೆ ಅವಕ್ಕೆ ಮೇವು ಕೊಡುತ್ತೇವೆ. ನಾಲ್ಕು ಜ್ವರ ಕಳೆದು, ಹಣ್ಣಾಗಿ, ಗೂಡು ಕಟ್ಟಲು ಚಂದ್ರಂಕಿ ಹತ್ತುವ ತನಕ ಮನೆಯ ಒಬ್ಬರಿಗೂ ಸರಿಯಾಗಿ ನಿದ್ದೆಯಿಲ್ಲ. ಹುಳು ಯಾಕೆ ಹೀಗಿದೆ, ಯಾರ ಪಾಪ ಎಂದು ನಾವು ಕೇಳುವುದಿಲ್ಲ. ಅದಕ್ಕೆ ಏನು ಬೇಕೋ ಅದಕ್ಕೆ ತಕ್ಕ ಹಾಗೆ ಮನೆಯನ್ನೇ ಬದಲಾಯಿಸುತ್ತೇವೆ. ಇಷ್ಟು ಕಲೆ, ಇಷ್ಟು ತಾಳ್ಮೆ ಬಲ್ಲ ಮನೆಯಲ್ಲಿ ನಡೆಯಲಾರದ ಮಗಳಿಗೆ ಬಚ್ಚಲ ಗೋಡೆಗೆ ಹಿಡಿದುಕೊಳ್ಳುವ ಒಂದು ಕಂಬಿ ಇಲ್ಲ. ಕಕ್ಕಸಿನ ಬಾಗಿಲು ಗಾಲಿಕುರ್ಚಿಗಿಂತ ಅರ್ಧ ಅಡಿ ಕಿರಿದು. ಮನೆ ಹೊಸದಾಗಿ ಕಟ್ಟಿಸುವಾಗ ಡಾಲರ್ ಕಳಿಸಿದ ಅಣ್ಣ ಗ್ರಾನೈಟ್ ಬಣ್ಣವನ್ನು ವಿಡಿಯೋ ಕರೆಯಲ್ಲಿ ಮೂರು ಸಲ ಬದಲಾಯಿಸಿದ. ತಂಗಿ ಹೇಗೆ ಒಳಗೆ ಹೋಗುತ್ತಾಳೆ ಎಂದು ಒಮ್ಮೆಯೂ ಕೇಳಲಿಲ್ಲ.

ಚನ್ನಪಟ್ಟಣದ ಪಕ್ಕದ ದೊಡ್ಡಮಳೂರಿಗೆ ಹೋಗಿದ್ದೀರಾ? ಅಪ್ರಮೇಯಸ್ವಾಮಿ ಗುಡಿಯಲ್ಲಿ ಅಂಬೆಗಾಲು ಕೃಷ್ಣನಿದ್ದಾನೆ. ಮಕ್ಕಳಿಲ್ಲದವರು ಹರಕೆ ಹೊತ್ತು ಅಲ್ಲಿ ತೊಟ್ಟಿಲು ಕಟ್ಟುತ್ತಾರೆ; ಸಾಲುಸಾಲಾಗಿ ಸಣ್ಣ ಮರದ ತೊಟ್ಟಿಲುಗಳು ತೂಗುತ್ತವೆ. ಅವುಗಳ ಮುಂದೆ ನಿಂತಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ. ಮಗು ಬೇಕು ಎಂದು ಇಷ್ಟು ಬೇಡಿಕೊಳ್ಳುವ ಜನ ನಾವು. ಆದರೆ ಬಂದ ಮಗು ಎರಡು ವರ್ಷವಾದರೂ ಹೆಸರು ಕರೆದರೆ ತಿರುಗಲಿಲ್ಲವೆಂದರೆ ಏನಾಗುತ್ತದೆ? "ಅವರಪ್ಪನಿಗೂ ಐದು ವರ್ಷಕ್ಕೇ ಮಾತು ಬಂದಿದ್ದು" ಎಂದು ಅಜ್ಜಿ ಸಮಾಧಾನ ಹೇಳುತ್ತಾಳೆ. ಮೂರಾಗುತ್ತದೆ, ನಾಲ್ಕಾಗುತ್ತದೆ. ಕಬ್ಬಾಳಮ್ಮನಿಗೆ ಹರಕೆ, ಕೊರಳಿಗೆ ತಾಯತ. ದೇವರಿಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇದೆ. ದೇಶದ ಮೂಲೆಮೂಲೆಯಿಂದ ಮಕ್ಕಳನ್ನು ಎತ್ತಿಕೊಂಡು ಅಲ್ಲಿಗೆ ಬರುತ್ತಾರೆ. ಚನ್ನಪಟ್ಟಣದವರಿಗೆ ಅದು ರೈಲಿನಲ್ಲಿ ಬೆಳಗ್ಗೆ ಹೋಗಿ ಸಂಜೆಗೆ ಬರುವ ದಾರಿ. ಕಿವಿ ಕೇಳದ ಮಗುವಿಗೆ ಮೊದಲ ಮೂರು ವರ್ಷ ಬಂಗಾರದಂಥವು. ಆ ವಯಸ್ಸು ಕಳೆದ ಮೇಲೆ ಸಾಧನ ಹಾಕಿದರೂ ಮಾತು ಹಿಡಿಯುವುದು ಬಲು ಕಷ್ಟ. ಅಷ್ಟರೊಳಗೆ ನಾವು ಮಾಡುವುದು ಇನ್ನೊಂದು ಕೆಲಸ: ತಾಯಿಯ ಮೇಲೆ ತಪ್ಪು ಹೊರಿಸುವುದು. ಗ್ರಹಣದಲ್ಲಿ ಹೊರಗೆ ಬಂದಳು, ಅದು ತಿಂದಳು, ಅವಳ ತವರಿನಲ್ಲೇ ಇಂಥದ್ದಿದೆ. ಆಮೇಲೆ ಮಗುವನ್ನು ಒಳಮನೆಗೆ ಸರಿಸುತ್ತೇವೆ. ಅಕ್ಕನಿಗೆ ಗಂಡು ನೋಡಲು ಬರುವ ದಿನ ಅದನ್ನು ತೋಟದ ಮನೆಗೆ ಸಾಗಿಸುತ್ತೇವೆ.

2011ರ ಜನಗಣತಿ ಕರ್ನಾಟಕದಲ್ಲಿ 13 ಲಕ್ಷಕ್ಕೂ ಮಿಕ್ಕಿ ವಿಕಲಚೇತನರನ್ನು ಎಣಿಸಿತು. ಇಡೀ ದೇಶದಲ್ಲಿ ಸಿಕ್ಕದ್ದು ಜನಸಂಖ್ಯೆಯ ಶೇಕಡ 2.21. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿನ ಶೇಕಡ 15ರಷ್ಟು ಜನ ಒಂದಲ್ಲ ಒಂದು ಬಗೆಯ ನ್ಯೂನತೆಯೊಂದಿಗೆ ಬದುಕುತ್ತಿದ್ದಾರೆ ಎಂದು ಅಂದಾಜಿಸಿತು. ಅಳತೆಯ ವಿಧಾನ ಬೇರೆ ಬೇರೆ, ಒಪ್ಪುತ್ತೇನೆ. ಆದರೂ ಗಣತಿಯ ಮೇಷ್ಟ್ರು ಬಂದಾಗ "ನಮ್ಮ ಮನೇಲಿ ಅಂಥವರು ಯಾರೂ ಇಲ್ಲ ಸಾರ್" ಎಂದು ಬಾಗಿಲು ಎಳೆದುಕೊಂಡ ಮನೆಗಳನ್ನು ನಾನು ಬಲ್ಲೆ.

ವಿದೇಶಕ್ಕೆ ಹೋದರೆ ಈ ಮುಚ್ಚಿಡುವ ಚಾಳಿ ಬಿಡುತ್ತದೆ ಎಂದುಕೊಂಡಿದ್ದೆ. ನ್ಯೂಜೆರ್ಸಿಯಲ್ಲಿ ಹನ್ನೊಂದು ವರ್ಷ ಇದ್ದು ಬಂದವಳು ನಾನು, ಹೇಳುತ್ತೇನೆ: ಅದು ಬಿಡುವುದಿಲ್ಲ. ಆಟಿಸಂ ಇರುವ ಮಗುವಿಗೆ ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಅದಕ್ಕೆಂದೇ ಪಾಠದ ಯೋಜನೆ ಬರೆಯುತ್ತಾರೆ, ಮಾತಿನ ತರಬೇತಿ ಕೊಡುತ್ತಾರೆ, ಮನೆಬಾಗಿಲಿಗೆ ಬಸ್ಸು ಬರುತ್ತದೆ. ನಮ್ಮವರು ಅಷ್ಟನ್ನೂ ಪಡೆಯುತ್ತಾರೆ, ಪಡೆಯಬೇಕಾದದ್ದೇ. ಭಾನುವಾರ ಮಾಗಡಿಗೆ ವಿಡಿಯೋ ಕರೆ ಮಾಡುವ ಹೊತ್ತಿಗೆ ಮಾತ್ರ ಆ ಮಗು ಪಕ್ಕದ ಕೋಣೆಗೆ ಹೋಗುತ್ತದೆ. "ಮಲಗಿದ್ದಾನೆ ಅತ್ತೆ", "ಆಟಕ್ಕೆ ಹೋಗಿದ್ದಾನೆ ಅತ್ತೆ". ಹತ್ತು ವರ್ಷದ ಮೊಮ್ಮಗನನ್ನು ಅಜ್ಜಿ ಫೋಟೋದಲ್ಲಷ್ಟೇ ನೋಡಿದ್ದಾಳೆ, ಅದೂ ಅವನು ಕ್ಯಾಮೆರಾ ಕಡೆ ನೋಡಿದ ಅಪರೂಪದ ಫೋಟೋದಲ್ಲಿ. ಕನ್ನಡ ಕೂಟದ ರಾಜ್ಯೋತ್ಸವಕ್ಕೆ ದೊಡ್ಡ ಮಗಳು ಬರುತ್ತಾಳೆ, ನಾಡಗೀತೆ ಹಾಡುತ್ತಾಳೆ. ಚಿಕ್ಕವನನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟಿರುತ್ತಾರೆ. ಜನರ ನಡುವೆ ಕಿರುಚಿದರೆ ಎಂಬ ಭಯ. ಕಿರುಚಲಿ. ನೂರು ಕನ್ನಡಿಗರು ಕೂಡಿದ ಕಡೆ ಒಂದು ಕನ್ನಡದ ಮಗು ಕಿರುಚಿದರೆ ತಡೆದುಕೊಳ್ಳಲಾರದ ಕೂಟ ಯಾರಿಗಾಗಿ ಇದೆ? ಒಂದು ನಿಶ್ಶಬ್ದದ ಕೋಣೆ, ಸ್ವಲ್ಪ ಕಡಿಮೆ ಸದ್ದಿನ ಮೈಕು, ಬಾಗಿಲ ಹತ್ತಿರ ನಾಲ್ಕು ಕುರ್ಚಿ. ಇಷ್ಟು ಮಾಡಲು ಯಾವ ಕಾಯ್ದೆಯೂ ಬೇಕಿರಲಿಲ್ಲ.

ಇನ್ನೊಂದು ಅನ್ಯಾಯ ಇದಕ್ಕಿಂತ ಆಳದ್ದು. ಎರಡೆರಡು ಭಾಷೆ ಕೇಳಿದರೆ ಮಗುವಿಗೆ ಗೊಂದಲವಾಗುತ್ತದೆ, ಮನೆಯಲ್ಲಿ ಇಂಗ್ಲಿಷ್ ಒಂದೇ ಇರಲಿ ಎಂದು ಹಿಂದೆ ಕೆಲವು ತರಬೇತುದಾರರು ಹೇಳುತ್ತಿದ್ದರು. ನಮ್ಮ ತಂದೆತಾಯಿಗಳು ಅದನ್ನು ವೇದವಾಕ್ಯದಂತೆ ಪಾಲಿಸಿದರು. ಎರಡು ಭಾಷೆಯಲ್ಲಿ ಬೆಳೆದ ಆಟಿಸಂ ಮಕ್ಕಳ ಮಾತು ಅದರಿಂದ ಹಿಂದೆ ಬೀಳುವುದಿಲ್ಲ ಎಂದು ಆಮೇಲಿನ ಅಧ್ಯಯನಗಳು ತೋರಿಸಿವೆ. ಅದನ್ನು ಓದುವ ಗೋಜಿಗೆ ಯಾರೂ ಹೋಗಲಿಲ್ಲ. ಫಲ ಏನೆಂದರೆ, ಆ ಮಗು ಅಪ್ಪ ಅಮ್ಮ ಒಬ್ಬರಿಗೊಬ್ಬರು ಆಡುವ ಮಾತಿನಿಂದಲೇ ಹೊರಗಾಯಿತು. ಊಟದ ಮೇಜಿನ ಸುತ್ತ ಎಲ್ಲರೂ ಕನ್ನಡದಲ್ಲಿ ನಗುತ್ತಾರೆ, ಅವನ ಕಡೆ ತಿರುಗಿದಾಗ ಮಾತ್ರ ಎರಡು ಪದದ ಇಂಗ್ಲಿಷ್ ಅಪ್ಪಣೆ. ಊರಿಗೆ ಬಂದರೆ ಅಜ್ಜಿಯ ದನಿ ಅವನಿಗೆ ಬರೀ ಸದ್ದು. ಒಂದು ಮಗುವಿನಿಂದ ಕನ್ನಡವನ್ನು ಹೀಗೆ ಕಿತ್ತುಕೊಂಡು, ಇನ್ನೊಂದು ಮಗುವಿಗೆ ಕನ್ನಡ ಕಲಿಸಿದ್ದೇವೆಂದು ವೇದಿಕೆಯಲ್ಲಿ ಶಾಲು ಹೊದಿಸಿಕೊಳ್ಳುವವರು ಮನೆಗೆ ಹೋಗಿ ಆ ಮಗುವಿನ ಮುಂದೆ ಕೂತು ಕನ್ನಡದಲ್ಲಿ ಮಾತಾಡಲಿ. ಉತ್ತರ ಬಾರದಿದ್ದರೂ ಮಾತಾಡಲಿ.

ಹೊರದೇಶ ಎಲ್ಲ ಕಡೆಯೂ ಹಸಿರಲ್ಲ ಎನ್ನುವುದನ್ನೂ ಹೇಳಬೇಕು. ಆಸ್ಟ್ರೇಲಿಯಾದಲ್ಲಿ ಕಾಯಂ ವಾಸಕ್ಕೆ ಅರ್ಜಿ ಹಾಕಿದ ಕುಟುಂಬದಲ್ಲಿ ಒಂದು ಮಗುವಿನ ಆರೈಕೆಗೆ ಸರ್ಕಾರದ ಖರ್ಚು ಮಿತಿ ಮೀರುತ್ತದೆ ಎಂದು ಅಂದಾಜಾದರೆ ಇಡೀ ಕುಟುಂಬಕ್ಕೆ ಬಾಗಿಲು ಮುಚ್ಚಬಹುದು. ವರ್ಷಗಟ್ಟಲೆ ದುಡಿದು ತೆರಿಗೆ ಕಟ್ಟಿದವರೂ ಹೀಗೆ ಪೆಟ್ಟು ತಿಂದಿದ್ದಾರೆ. ಆ ನಿಯಮದ ಎದುರು ಹೋರಾಡುವವರ ಜೊತೆ ನಮ್ಮ ಸಂಘಗಳು ನಿಲ್ಲಬೇಕಿತ್ತು.

ಇನ್ನು ದಾನ. ಮಗನ ಹುಟ್ಟುಹಬ್ಬಕ್ಕೆ ವಿಶೇಷ ಮಕ್ಕಳ ಶಾಲೆಗೆ ಒಂದು ಹೊತ್ತಿನ ಊಟ ಹಾಕಿಸುವುದು ನಮ್ಮ ಹೊರನಾಡಿನವರ ಹೊಸ ಪದ್ಧತಿ. ಕೇಕು ಬರುತ್ತದೆ, ಬಲೂನು ಬರುತ್ತದೆ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಆ ಮಕ್ಕಳ ಒಪ್ಪಿಗೆ ಯಾರೂ ಕೇಳುವುದಿಲ್ಲ. ಸಂಜೆಯೊಳಗೆ ಫೋಟೋ ಐದು ವಾಟ್ಸ್ಯಾಪ್ ಗುಂಪು ಸೇರಿರುತ್ತದೆ. ಇನ್ನು ಕೆಲವರು ಗಾಲಿಕುರ್ಚಿ ಹಂಚುತ್ತಾರೆ, ಎಲ್ಲರಿಗೂ ಒಂದೇ ಅಳತೆಯವು. ಎಂಟು ವರ್ಷದ ಮಗುವನ್ನು ದೊಡ್ಡವರ ಕುರ್ಚಿಯಲ್ಲಿ ಕೂರಿಸಿದರೆ ಬೆನ್ನು ಬಾಗುತ್ತದೆ, ತೊಡೆಗೆ ಹುಣ್ಣಾಗುತ್ತದೆ. ವರ್ಷ ಕಳೆಯುವುದರೊಳಗೆ ಆ ಕುರ್ಚಿಗಳು ಉಗ್ರಾಣದ ಮೂಲೆಯಲ್ಲಿ ತುಕ್ಕು ಹಿಡಿಯುತ್ತವೆ. ಶಾಲೆಯವರನ್ನು ಕೇಳಿ ನೋಡಿ, ಅವರಿಗೆ ಬೇಕಾಗಿರುವುದು ಫಿಸಿಯೋಥೆರಪಿ ಮಾಡುವವರ ಒಂದು ವರ್ಷದ ಸಂಬಳ, ವ್ಯಾನಿನ ಡೀಸೆಲ್ಲು, ತರಬೇತಿ ಪಡೆದ ಶಿಕ್ಷಕಿ ಬೆಂಗಳೂರಿಗೆ ಓಡಿಹೋಗದಷ್ಟು ಪಗಾರ. ಅದಕ್ಕೆ ಫೋಟೋ ಇಲ್ಲ, ಹಾಗಾಗಿ ದಾನಿಗಳೂ ಇಲ್ಲ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಶಿವಕುಮಾರ ಸ್ವಾಮಿಗಳು ಸಿದ್ಧಗಂಗೆಯಲ್ಲಿ ದಶಕಗಳ ಕಾಲ ಸಾವಿರಾರು ಮಕ್ಕಳಿಗೆ ದಿನವೂ ಅನ್ನ, ದಿನವೂ ಅಕ್ಷರ ಕೊಟ್ಟರು. ಅವರ ಪಟವನ್ನು ನ್ಯೂಜೆರ್ಸಿಯ ದೇವರಮನೆಯಲ್ಲಿ ಇಟ್ಟುಕೊಂಡವರು ದಾಸೋಹ ಎಂಬ ಮಾತಿಗೆ ಒಂದು ದಿನದ ಅರ್ಥ ಕೊಡಬಾರದು.

ಹಾಡಿಹೊಗಳುವುದೂ ಇದೇ ಜಾಡಿನದು. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಗದಗಿನಲ್ಲಿ ಸಾವಿರಾರು ಜನಕ್ಕೆ ಸಂಗೀತ ಕಲಿಸಿದರು; ಹಾಸನ ಜಿಲ್ಲೆಯ ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿದು ಬೆಳ್ಳಿ ತಂದರು; ಕ್ರೀಡಾಪಟು ಮಾಲತಿ ಹೊಳ್ಳ ಪದ್ಮಶ್ರೀ ಪಡೆದರು. ಅವರ ಸಾಧನೆಗೆ ತಲೆಬಾಗುತ್ತೇನೆ. ಆದರೆ ಕನಕಪುರದ ಒಬ್ಬ ಹುಡುಗಿ ಬ್ಯಾಂಕಿನ ಕೌಂಟರಿನ ತನಕ ಹೋಗಬೇಕಾದರೆ ಮೊದಲು ಪದಕ ಗೆದ್ದು ಬರಬೇಕೆ? "ದೇವರು ಒಂದು ಕಿತ್ತುಕೊಂಡರೆ ಇನ್ನೊಂದು ಕೊಡ್ತಾನೆ" ಎಂದು ಅವಳಿಗೆ ಹೇಳುವವರು, ಆ ಇನ್ನೊಂದನ್ನು ಕೊಡುವ ಹೊಣೆಯನ್ನು ದೇವರ ಮೇಲೆ ಹಾಕಿ ಮನೆಗೆ ಹೋಗುತ್ತಾರೆ. ಅವಳು ಹಾಡಬೇಕಿಲ್ಲ, ಜಿಗಿಯಬೇಕಿಲ್ಲ. ಸಾಧಾರಣವಾಗಿ ಬದುಕುವುದಕ್ಕೆ, ಅಂಗಡಿಗೆ ಹೋಗುವುದಕ್ಕೆ, ಸಿಟ್ಟು ಮಾಡಿಕೊಳ್ಳುವುದಕ್ಕೆ, ಮದುವೆ ಊಟದಲ್ಲಿ ಎರಡನೆಯ ಸಲ ಒಬ್ಬಟ್ಟು ಕೇಳುವುದಕ್ಕೆ ಅವಳಿಗೆ ಹಕ್ಕಿದೆ.

ಊರಿಗೆ ಬರುವವರಿಗೆ ಕೆಲಸ ಇಲ್ಲವೆಂದಿಲ್ಲ. ಪ್ರತಿ ಗ್ರಾಮ ಪಂಚಾಯತಿಗೂ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರಬೇಕು. ನಮ್ಮ ಕಡೆ ವಿಆರ್‌ಡಬ್ಲ್ಯು ಎನ್ನುತ್ತಾರೆ. ಅವರು ವಿಕಲಚೇತನರೇ ಆಗಿರುತ್ತಾರೆ. ಯಾವ ಮನೆಯ ಯಾವ ಕೋಣೆಯಲ್ಲಿ ಯಾರಿದ್ದಾರೆ ಎಂಬುದು ಅವರಿಗೆ ಗೊತ್ತು. ಪಂಚಾಯತಿಯ ಸ್ವಂತ ಆದಾಯದಲ್ಲಿ ಶೇಕಡ 5 ವಿಕಲಚೇತನರಿಗೆ ಖರ್ಚಾಗಬೇಕೆಂಬ ಆದೇಶವಿದೆ. ಹೋದ ವರ್ಷ ಅದು ಯಾವುದಕ್ಕೆ ಖರ್ಚಾಯಿತು ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಿ. ಅಮೆರಿಕದ ಶಾಲಾ ಮಂಡಳಿಯ ಸಭೆಯಲ್ಲಿ ಮಗನ ತರಬೇತಿಯ ಗಂಟೆ ಕಡಿಮೆಯಾದರೆ ವಕೀಲರ ಮಾತಾಡುವ ನಿಮ್ಮ ನಾಲಿಗೆ ಇಲ್ಲಿ ಯಾಕೆ ಅಂಟಿಕೊಳ್ಳುತ್ತದೆ?

ಬರುವ ಮಾಘದಲ್ಲಿ ಕನಕಪುರದಲ್ಲಿ ನಮ್ಮ ಕಡೆಯ ಇನ್ನೊಂದು ಮದುವೆ ಇದೆ. ಲಗ್ನಪತ್ರಿಕೆಯ ಮೇಲೆ ನನ್ನ ಚಿಕ್ಕಪ್ಪನ ಮಗನ ಹೆಸರೂ ಇದೆ. ನಾನು ಮಂಟಪಕ್ಕೆ ಫೋನ್ ಮಾಡಿ ಕೇಳಿದೆ. ಊಟದ ಹಾಲ್ ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ, "ಹುಡುಗರು ಎತ್ಕೊಂಡು ಹೋಗ್ತಾರೆ ಬಿಡಿ ಮೇಡಂ" ಎಂದರು. ಹೆಣ್ಣಿನ ತಂದೆಗೆ ಹೇಳಿದ್ದೇನೆ: ಹಿಂದಿನ ಅಂಗಳ ಖಾಲಿ ಇದೆ, ಅಲ್ಲೇ ಶಾಮಿಯಾನ ಹಾಕಿಸಿ ಎಲ್ಲರಿಗೂ ಒಂದೇ ಕಡೆ ಬಡಿಸಿ, ಅವನೊಬ್ಬನಿಗೆ ಬೇರೆ ಎಲೆ ಹಾಕುವುದು ಬೇಡ, ಆಗದಿದ್ದರೆ ನಮ್ಮ ಮನೆಯಿಂದ ಯಾರೂ ಬರುವುದಿಲ್ಲ. ಡಲ್ಲಾಸ್‌ನ ತಮ್ಮನಿಗೂ ಅದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಶಾಮಿಯಾನದ ಖರ್ಚು ತನ್ನದು ಎಂದ. ಖರ್ಚಿನ ಮಾತಲ್ಲ, ನೀನೇ ಅವರಿಗೆ ಫೋನ್ ಮಾಡಿ ಕೇಳು ಎಂದಿದ್ದೇನೆ. ಇನ್ನೂ ಮಾಡಿಲ್ಲ.